ಲಾರಿಯೊಳಗಿನ ಬಿಳಿ ಕುದುರೆ

ಸಿನಿಮಾ ವಿಷಯದಲ್ಲಿ ನನ್ನ ಮಾತೇ ಅಂತಿಮ. ಇದು ಜಂಬವಲ್ಲ, ಮಾಹಿತಿ. ತೊಂಬತ್ತರ ದಶಕದ ಫೈಟಿಂಗ್ ಪಿಚ್ಚರುಗಳಲ್ಲಿ ಯಾವುದು ಕ್ಲಾಸಿಕ್, ಯಾವುದು ಕಸ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರ. ಹಗಲೆಲ್ಲ ಸೀಟಿ ಊದುವುದು ಹೊಟ್ಟೆಪಾಡು. ಸಂಜೆ ನಮ್ಮೂರಿನ ಗಾಜಿಪುರ ಓಣಿಯಲ್ಲಿ ರಫೀಕನ ಟೇಲರಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು ಸಿನಿಮಾಗಳಿಗೆ ತೀರ್ಪು ಕೊಡುವುದು ನನ್ನ ನಿಜವಾದ ವೃತ್ತಿ. ಸಂಬಳವಿಲ್ಲ, ಅಷ್ಟೇ.

ನನ್ನ ಮೀಸೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ಕೆನ್ನೆಯ ಅರ್ಧ ದಾರಿಯವರೆಗೆ ಹೋಗಿ ಅಲ್ಲಿಂದ ಮೇಲಕ್ಕೆ ತಿರುಗುತ್ತಿತ್ತು. ಆರುನೂರು ಮಕ್ಕಳು ಪ್ರಾರ್ಥನೆಗೆ ನೆಟ್ಟಗೆ ಸಾಲು ನಿಲ್ಲುತ್ತಿದ್ದದ್ದು ನನ್ನ ಸೀಟಿಗಲ್ಲ, ಆ ಮೀಸೆಗೆ. ಇಷ್ಟು ದೊಡ್ಡ ಸಂಪತ್ತನ್ನು ನಾನು ಒಂದು ಕುದುರೆಯ ಮೇಲೆ ಪಣಕ್ಕಿಟ್ಟೆ!

ರಫೀಕ ನನ್ನ ಕಾಲೇಜಿನ ಗೆಳೆಯ. ನಮ್ಮ ವಾದದಲ್ಲಿ ಇರುವುದು ಎರಡೇ ಪಿಚ್ಚರು. ಹೆಸರು ಹೇಳಿದರೆ ಅಭಿಮಾನಿಗಳು ಮನೆಗೆ ಬರುತ್ತಾರೆ. ಅದಕ್ಕೆ ಒಂದನ್ನು ಲಾರಿ ಪಿಚ್ಚರ್ ಎನ್ನೋಣ, ಇನ್ನೊಂದನ್ನು ಪೊಲೀಸ್ ಪಿಚ್ಚರ್ ಎನ್ನೋಣ. ಎರಡಕ್ಕೂ ಹೀರೋ ಒಬ್ಬನೇ. ಒಂದರಲ್ಲಿ ಲಾರಿ ಡ್ರೈವರ್, ಇನ್ನೊಂದರಲ್ಲಿ ಇನ್ಸ್‌ಪೆಕ್ಟರ್. ಲಾರಿ ನನ್ನದು, ಪೊಲೀಸು ರಫೀಕನದು.

ಲಾರಿ ಪಿಚ್ಚರನ್ನು ನಾನು ನೋಡಿದ್ದು ಇಪ್ಪತ್ತಾರು ವರ್ಷದ ಹಿಂದೆ, ಕಮಲಾಪುರದ ಟೂರಿಂಗ್ ಟಾಕೀಸಿನಲ್ಲಿ, ನನ್ನ ಮದುವೆ ನಿಶ್ಚಯವಾದ ಮರುದಿನ. ನನ್ನ ಹೆಂಡತಿ ಸುವರ್ಣಾಳ ತವರು ಕಮಲಾಪುರ. ಅಳಿಯನಾಗುವವನಿಗೆ ಬೇಜಾರಾಗಬಾರದೆಂದು ಅವಳ ತಮ್ಮ ನನ್ನನ್ನು ಕರೆದುಕೊಂಡು ಹೋಗಿದ್ದ. ಅಂದು ನಾನು ಕಂಡಂಥ ಕ್ಲೈಮ್ಯಾಕ್ಸನ್ನು ಇಂದಿನವರೆಗೂ ಯಾರೂ ತೆಗೆದಿಲ್ಲ. ನೀವೇ ಕೇಳಿ. ಇಡೀ ಪಿಚ್ಚರಿನಲ್ಲಿ ಬೋಳುತಲೆಯ ಕ್ವಾರಿ ಮಾಲೀಕ ವಿಲನ್. ಕೊನೆಗೆ ನೋಡಿದರೆ ನಿಜವಾದ ವಿಲನ್ ಬೇರೆ, ಒಬ್ಬ ಒಕ್ಕಣ್ಣ! ಅಲ್ಲಿಯವರೆಗೆ ಅವನ ಸುಳಿವೇ ಇಲ್ಲ. ಸಸ್ಪೆನ್ಸ್ ಅಂದರೆ ಅದು! ಇಂಟರ್ವಲ್ಲಿಗೆ ಮೊದಲೇ ಸತ್ತು ಬೂದಿಯಾಗಿದ್ದ ತಾಯಿ ಕೊನೆಯಲ್ಲಿ ಕಂಬಕ್ಕೆ ಕಟ್ಟಿಸಿಕೊಂಡು ‘ಮಗನೇ’ ಎಂದು ಕೂಗುತ್ತಾಳೆ. ತಾಯಿಯ ಪ್ರೀತಿಗೆ ಸಾವಿಲ್ಲ ಎಂಬುದನ್ನು ನಿರ್ದೇಶಕ ಹೇಳಿದ ರೀತಿ ಅದು. ಆಗ ಹೀರೋ ಬಿಳಿ ಕುದುರೆ ಏರಿ, ಗೋದಾಮಿನ ಗಾಜಿನ ಕಿಟಕಿ ಒಡೆದುಕೊಂಡು, ಉರಿಯುವ ಡ್ರಮ್ಮುಗಳ ಮೇಲಿಂದ ಹಾರಿ ಬರುತ್ತಾನೆ.

ಕುದುರೆ ಎಲ್ಲಿಂದ ಬಂತು? ರಫೀಕ ಇದನ್ನು ನೂರು ಸಲ ಕೇಳಿದ್ದಾನೆ. ಲಾರಿಯಿಂದ! ಇಡೀ ಪಿಚ್ಚರಿನಲ್ಲಿ ಲಾರಿಗೆ ತಾಡಪತ್ರಿ ಹೊದಿಸಿ ಬಿಗಿದಿದ್ದಾರೆ. ಒಳಗೆ ಏನಿದೆ ಎಂದು ಒಮ್ಮೆಯೂ ತೋರಿಸುವುದಿಲ್ಲ. ಮತ್ತೆ ಇನ್ನೇನು ಇರುತ್ತದೆ ಹೇಳಿ?

“ಅರೇ ಮಾಸ್ತರಾ, ಕುದುರಿ ನನ್ನ ಪೊಲೀಸ್ ಪಿಚ್ಚರಿಂದು. ಒಕ್ಕಣ್ಣನೂ ನನ್ನ ಪಿಚ್ಚರಿನವನೇ. ಕಸಂ ಸೇ ಹೇಳ್ತೀನಿ” ಎನ್ನುತ್ತಿದ್ದ ರಫೀಕ.

“ಹಂಗಾರ ನಿನ್ನ ಪಿಚ್ಚರಿನವರು ನಮ್ಮದನ್ನ ಕದ್ದಾರ. ಕದ್ದ ಮಾಲು ಎಂದಾರ ಕ್ಲಾಸಿಕ್ ಆಗ್ತದೇನು? ಕಸ!” ಎನ್ನುತ್ತಿದ್ದೆ ನಾನು.

ಕಳೆದ ತಿಂಗಳು ಇದು ವಿಕೋಪಕ್ಕೆ ಹೋಯಿತು. ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿಬೇಳೆ ವ್ಯಾಪಾರ ಮಾಡುವ ಶಿವಶರಣಪ್ಪನವರು ನಮ್ಮ ಬೆಂಚಿನ ಮೂರನೆಯ ಸದಸ್ಯರು. ವಯಸ್ಸಿನಲ್ಲಿ ಹಿರಿಯರು, ಮಾತು ಕಡಿಮೆ. ಅವರು ಬ್ರಹ್ಮಪುರದ ತಮ್ಮ ಮನೆಗೆ ಗೋಡೆಯಷ್ಟು ಅಗಲದ ಟಿವಿ ತಂದರು. “ಐತವಾರ ಸಂಜಿಗೆ ಬರ್ರಿ. ಮೊದಲನೇ ಪಿಚ್ಚರ್ ಕ್ಲಾಸಿಕ್ಕೇ ಹಾಕೂಣು. ಯಾವುದು ಅಂತ ನೀವೇ ಹೇಳ್ರಿ” ಎಂದರು. ಹೇಳಬಾರದಿತ್ತು!

ರಫೀಕ ತಕ್ಷಣ ಮೊಬೈಲ್ ತೆಗೆದು ಲಾರಿ ಪಿಚ್ಚರಿನ ಕೊನೆಯ ಭಾಗವನ್ನು ನನ್ನ ಮೂಗಿನ ಕೆಳಗೆ ಹಿಡಿದ. ಅದರಲ್ಲಿ ಬೋಳುತಲೆಯವನಿಗೂ ಹೀರೋಗೂ ಕ್ವಾರಿಯಲ್ಲಿ ಹೊಡೆದಾಟ, ಲಾರಿ ಕಂದಕಕ್ಕೆ, ಹೀರೋ ಪೊಲೀಸ್ ಠಾಣೆಗೆ. ಕುದುರೆಯ ಬಾಲವೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಸೋಲೊಪ್ಪುತ್ತಿದ್ದರು. ನಾನು ವಿಮರ್ಶಕ. “ಇದು ಟಿವಿಯವರು ಕತ್ತರಿಸಿದ ಪ್ರಿಂಟು. ಕುದುರಿ ತೆಗೆದು ಬ್ಯಾರೇದು ಅಂಟಿಸ್ಯಾರ. ಖರೇ ಪ್ರಿಂಟು ನೋಡಿದ್ದು ಕಮಲಾಪುರದ ಮಂದಿ ಮಾತ್ರ” ಎಂದೆ.

“ಹೌದೇನು? ಏನು ಪಣ?” ಎಂದ ರಫೀಕ.

“ಮೀಸಿ ತೆಗೀತೀನಿ!”

ಬಾಯಿಂದ ಬಂದುಬಿಟ್ಟಿತು. ಅಂಗಡಿಯ ಹುಡುಗನ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ತಾನು ಸೋತರೆ ಜೀವಮಾನವಿಡೀ ಪೊಲೀಸ್ ಪಿಚ್ಚರಿನ ಸುದ್ದಿ ಎತ್ತುವುದಿಲ್ಲ ಎಂದು ರಫೀಕ ಮಾತು ಕೊಟ್ಟ. ಅದೂ ಸಣ್ಣ ತ್ಯಾಗವಲ್ಲ. ಶಿವಶರಣಪ್ಪನವರು ತೀರ್ಪುಗಾರರಾದರು. ಕಮಲಾಪುರದ ಟಾಕೀಸಿನಲ್ಲಿ ಆಗ ಪಿಚ್ಚರ್ ಓಡಿಸುತ್ತಿದ್ದ ಆಪರೇಟರ್ ಚಂದ್ರಶಾ ಕಾಕಾ ಇನ್ನೂ ಗಟ್ಟಿಮುಟ್ಟಾಗಿದ್ದಾನೆಂದು ನನಗೆ ಗೊತ್ತಿತ್ತು. ಅವನ ಸಾಕ್ಷಿಯೇ ಕೊನೆಯ ಮಾತು ಎಂದು ತೀರ್ಮಾನವಾಯಿತು.

ಭಾನುವಾರ ಬೆಳಿಗ್ಗೆ ಶಿವಶರಣಪ್ಪನವರ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಕ್ಲೈಮ್ಯಾಕ್ಸನ್ನು ಎರಡು ಸಲ ಪೂರ್ತಿ ಹೇಳಿದೆ. ಎರಡನೆಯ ಸಲ ಶಿವಶರಣಪ್ಪನವರು ಕಿಟಕಿ ಇಳಿಸಿ ಹೊರಗೆ ನೋಡುತ್ತಿದ್ದರು. ಭಾವುಕರಾಗಿರಬೇಕು ಎಂದುಕೊಂಡೆ.

ಚಂದ್ರಶಾ ಕಾಕಾ ಈಗ ಹಿಟ್ಟಿನ ಗಿರಣಿ ನಡೆಸುತ್ತಾನೆ. ತಲೆಯಿಂದ ಕಾಲಿನವರೆಗೆ ಜೋಳದ ಹಿಟ್ಟು. ನಮ್ಮನ್ನು ಕಂಡು ಗಿರಣಿ ನಿಲ್ಲಿಸಿ, ಚೀಲದ ಮೇಲೆ ಕೂಡಿಸಿದ. ನಾನು ನೇರವಾಗಿ ವಿಷಯಕ್ಕೆ ಬಂದೆ.

“ಕಾಕಾ, ಲಾರಿ ಪಿಚ್ಚರ್ ನೆನಪದ ಏನು?”

“ಮರೀಲಿಕ್ಕಿ ಆಗ್ತದೇನ್ರೀ ಸರ? ಅದ್ರ ಸಲುವಾಗಿ ನನ್ನ ನೌಕರೀನೇ ಹೋಗೂದಿತ್ತು.”

“ಕಡೀಗಿ ಬಿಳಿ ಕುದುರಿ ಇತ್ತೋ ಇಲ್ಲೋ? ಇವರ ಮುಂದ ಹೇಳು.”

“ಇತ್ತು!”

ನಾನು ಜಿಗಿದೆದ್ದು ಕಾಕಾನನ್ನು ಬಿಗಿದಪ್ಪಿದೆ. ನನ್ನ ಅಂಗಿಗೆ, ಮೀಸೆಗೆ ಹಿಟ್ಟು ಮೆತ್ತಿತು. ರಫೀಕನ ಮುಖ ಇಳಿದುಹೋಯಿತು. ಗೆದ್ದವನು ಉದಾರಿಯಾಗಿರಬೇಕು. ಅವನ ಬೆನ್ನು ತಟ್ಟಿ, “ಬೇಜಾರ್ ಮಾಡ್ಕೋಬ್ಯಾಡ. ಎಲ್ಲರಿಗೂ ಕ್ಲಾಸಿಕ್ ಗುರ್ತಿಸೂ ಕಣ್ಣು ಇರಂಗಿಲ್ಲ” ಎಂದು ಸಮಾಧಾನ ಹೇಳಿದೆ.

“ಪೂರಾ ಕೇಳ್ರೀ ಸರ” ಎಂದ ಕಾಕಾ. “ಕುದುರಿ ಇತ್ತು. ಆದ್ರ ಐದೇ ದಿನ.”

“ಐದು ದಿನ ಅಂದ್ರ?”

“ಆವಾಗ ರೀಲಿನ ಡಬ್ಬಿ ಕಲಬುರಗಿಯಿಂದ ಬಸ್ಸಿನ ಮ್ಯಾಲ ಬರ್ತಿದ್ವು. ಅದೇ ಬಸ್ಸಿನ ಮ್ಯಾಲ ಮುಂದಿನೂರು ಹುಮನಾಬಾದ ಟಾಕೀಸಿನ ಡಬ್ಬೀನೂ ಹೊಂಟಿದ್ವು. ಅವರದು ಪೊಲೀಸ್ ಪಿಚ್ಚರ್. ದಾರ್ಯಾಗ ಡಬ್ಬಿ ಮ್ಯಾಲಿನ ಚೀಟಿ ಕಿತ್ತು, ಕಡೀ ರೀಲಿನ ಡಬ್ಬಿ ಅದಲಾಬದಲಿ ಆದ್ವು. ಅವರದು ನನಗ ಬಂತು, ನಂದು ಅವರಿಗಿ ಹೋಯ್ತು. ನಾ ಏನು ಪಿಚ್ಚರ್ ನೋಡ್ತಿದ್ನೇನ್ರೀ? ರೀಲ್ ನೋಡ್ತಿದ್ದೆ. ಹೀರೋ ಅವನೇ. ಡ್ರೈವರಂದೂ ಖಾಕಿ ಅಂಗಿ, ಪೊಲೀಸಂದೂ ಖಾಕಿ ಅಂಗಿ. ಅವ್ವನ ಪಾರ್ಟು ಎರಡರಾಗೂ ಒಬ್ಬಾಕೀದೇ. ನಡೀತು!”

“ಮಂದಿ ಏನೂ ಅನ್ಲಿಲ್ಲೇನ್ರೀ?” ಎಂದು ಶಿವಶರಣಪ್ಪನವರು ಕೇಳಿದರು.

“ಏನಂತಾರ? ಸೀಟಿ ಹೊಡದ್ರು, ಚಿಲ್ಲರಿ ತೂರಿದ್ರು. ಹುಮನಾಬಾದಿನವರು ಮೊದಲನೇ ಆಟಕ್ಕೇ ಗುರ್ತು ಹಿಡದು ಫೋನ್ ಮಾಡಿದ್ರು. ನಮ್ಮೂರಾಗ ಒಬ್ಬನೂ ಕೇಳಲಿಲ್ಲ. ಮಾಲಕರು ‘ಮಂದಿ ಖುಷ್ ಅದಾರ, ಸುಮ್ಮ ನಡಸು’ ಅಂದ್ರು. ಆರನೇ ದಿನ ಖರೇ ರೀಲ್ ಹಾಕಿದೆ ನೋಡ್ರಿ, ‘ನಮ್ಮ ಕುದುರಿ ಎಲ್ಲದ?’ ಅಂತ ಬೆಂಚ್ ಮುರದ್ರು!”

ಶಿವಶರಣಪ್ಪನವರು ಗಂಟಲು ಸರಿಪಡಿಸಿಕೊಂಡು, ಬೇಳೆಯ ದರ ಹೇಳುವ ಧ್ವನಿಯಲ್ಲೇ ತೀರ್ಪು ಕೊಟ್ಟರು. “ಅಂದ್ರ ಮಾಸ್ತರ್, ಬೋಳುತಲಿಯವ ಒಂದು ಪಿಚ್ಚರಿನವ, ಒಕ್ಕಣ್ಣ ಇನ್ನೊಂದ್ರವ. ಅವ್ವ ಸತ್ತದ್ದು ನಿಮ್ಮ ಪಿಚ್ಚರಿನ್ಯಾಗ, ಕಂಬಕ್ಕ ಕಟ್ಟಿಸಿಕೊಂಡದ್ದು ರಫೀಕಂದ್ರಾಗ. ಕುದುರಿ ಲಾರ್‍ಯಾಗ ಇದ್ದಿಲ್ಲ.”

ತಾಯಿಯ ಪ್ರೀತಿಗೆ ಸಾವಿಲ್ಲ ಎಂದು ನಾನು ಶಾಲೆಯ ವಾರ್ಷಿಕೋತ್ಸವದಲ್ಲಿ ಭಾಷಣವನ್ನೇ ಮಾಡಿದ್ದೆ!

ರಫೀಕ ನಕ್ಕ ನಗುವಿಗೆ ಹೊರಗಿದ್ದ ಮಂದಿ ಇಣುಕಿ ನೋಡಿದರು. “ಇಪ್ಪತ್ತಾರು ವರ್ಷ ನನ್ನ ಪಿಚ್ಚರಿಗೇ ಜೈ ಅಂದೀಯಲ್ಲೋ ಮಾಸ್ತರಾ!” ಎಂದು ಕಣ್ಣೊರೆಸಿಕೊಂಡ. ಆಮೇಲೆ ಏನೋ ನೆನಪಾದವನಂತೆ ನಿಂತ. “ಆದ್ರ ಒಂದು ತಿಳೀಲಿಲ್ಲ. ಅದೇ ಒಕ್ಕಣ್ಣ, ಅದೇ ಕಂಬ, ಅದೇ ಕಿಟಕಿ. ನನ್ನ ಪಿಚ್ಚರ್ ನೋಡಿದ್ರ ನಿನಗ ಆವಾಗೇ ಗೊತ್ತಾಗಬೇಕಿತ್ತಲ್ಲ?”

ನಾನು ಜೋಳದ ಡಬ್ಬಿಗಳನ್ನು ಎಣಿಸತೊಡಗಿದೆ. ಹನ್ನೊಂದು ಇದ್ದವು.

“ನಾ ನೋಡಿಲ್ಲ” ಎಂದೆ.

“ಏನಂದಿ?”

“ನಿನ್ನ ಪಿಚ್ಚರ್ ನಾ ನೋಡಿಲ್ಲ. ಒಂದು ಸಲನೂ.”

ರಫೀಕನ ನಗು ನಿಂತುಹೋಯಿತು. “ನೋಡದೇ ಕಸ ಅಂದಿ? ಇಷ್ಟು ವರ್ಷ?” ಎಂದ. ಸಿಟ್ಟಿನಿಂದ ಕೇಳಿದ್ದರೆ ನಾನೂ ಏರುದನಿಯಲ್ಲಿ ಏನಾದರೂ ಹೇಳುತ್ತಿದ್ದೆ. ಅವನು ಮೆಲ್ಲಗೆ ಕೇಳಿದ. ಆ ಪಿಚ್ಚರನ್ನು ಅವನು ತೀರಿಹೋದ ಅಣ್ಣನ ಜೊತೆ ನೋಡಿದ್ದನೆಂಬುದು ನನಗೆ ಗೊತ್ತಿತ್ತು. ನಿಜವಾಗಿ ನಾಚಿಕೆಯಾಯಿತು. “ತಪ್ಪಾಯ್ತು ರಫೀಕ” ಎಂದೆ. ಈ ಮಾತನ್ನು ನಾನು ಅವನ ಅಂಗಡಿಯ ಬೆಂಚಿನ ಮೇಲೆ ಎಂದೂ ಆಡಿರಲಿಲ್ಲ.

ಅವನು ನನ್ನ ಅಂಗಿಗೆ ಮೆತ್ತಿದ್ದ ಹಿಟ್ಟನ್ನು ಕೊಡವಿ, “ಬಿಡು ಯಾರ್. ಸಂಜಿಗಿ ಕೂತು ನೋಡೂಣು. ಮೀಸಿ ಬ್ಯಾಡ, ಇರ್ಲಿ” ಎಂದ.

ಇಲ್ಲಿ ನಾನು ತೆಪ್ಪಗಿರಬೇಕಿತ್ತು. ಆದರೆ ಎಂಟು ಹತ್ತು ಮಂದಿ ನೋಡುತ್ತಿದ್ದರು. ಎದೆ ಉಬ್ಬಿಸಿ, “ಮಾತು ಅಂದ್ರ ಮಾತು!” ಎಂದುಬಿಟ್ಟೆ. ಅವನು ಇನ್ನೊಂದು ಸಲ ಬೇಡ ಎಂದಿದ್ದರೆ ಖಂಡಿತ ಒಪ್ಪಿಕೊಳ್ಳುತ್ತಿದ್ದೆ. ಅವನು ಒಂದೇ ಸಲ ಅಂದ!

ಬಸ್ ಸ್ಟ್ಯಾಂಡಿನ ಹತ್ತಿರದ ಕಟಿಂಗ್ ಶಾಪಿನಲ್ಲಿ ಕೂತೆ. ಹಿಟ್ಟು ಮೆತ್ತಿದ್ದರಿಂದ ಮೊದಲು ಮೀಸೆಯನ್ನು ತೊಳೆದರು. ಸೋಮವಾರ ಬೆಳಿಗ್ಗೆ ಆರುನೂರು ಮಕ್ಕಳು ನನ್ನನ್ನು ನೋಡುವ ನೋಟ ಕನ್ನಡಿಯಲ್ಲೇ ಕಾಣಿಸಿತು. ಬಲಭಾಗ ಪೂರ್ತಿ ಹೋದಮೇಲೆ ಕ್ಷೌರಿಕ, “ಇಂಥಾ ಮೀಸಿ ಯಾಕ್ ತೆಗಸ್ಲಕತ್ತೀರಿ ಸರ?” ಎಂದು ಕೇಳಿದ. ಲಾರಿ ಪಿಚ್ಚರ್, ಕುದುರೆ, ಎಲ್ಲ ಹೇಳಿದೆ. ಅವನು ಕತ್ತಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಗುಡುಗಿದ.

“ಯಾವನ್ರೀ ಅಂದಾವ? ಕುದುರಿ ಲಾರಿ ಪಿಚ್ಚರಿನ್ಯಾಗೇ ಅದ! ಇದೇ ಊರಾಗ ಮೂರು ಸಲ ನೋಡೀನಿ! ತಾಡಪತ್ರಿ ಒಳಗ ಇತ್ತು!”

ನನ್ನ ಕಣ್ಣು ತುಂಬಿ ಬಂತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ಅರ್ಥಮಾಡಿಕೊಂಡ ಮನುಷ್ಯ ಸಿಕ್ಕಿದ್ದ. ಅವನ ಕೈಯಲ್ಲಿ ನನ್ನ ಅರ್ಧ ಮೀಸೆ ಇತ್ತು. “ಈಗ ಏನ್ ಮಾಡೂದು?” ಎಂದು ಶಿವಶರಣಪ್ಪನವರ ಕಡೆ ನೋಡಿದೆ. “ಎಡಗಡೀದೂ ತೆಗಸ್ರಿ. ಆಮ್ಯಾಲ ಇವರಿಗೂ ಗಿರಣಿ ಕಡೆ ಕಳಸೂಣು” ಎಂದರು ಅವರು.

ಬರುವಾಗ ಮನೆಗೆಂದು ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡುಕೊಂಡೆ. ಮನೆಯ ಬಾಗಿಲು ಬಡಿದೆ. ಸುವರ್ಣಾ ಅರ್ಧ ಬಾಗಿಲು ತೆಗೆದು, “ಅವರು ಮನ್ಯಾಗಿಲ್ರೀ, ಕಮಲಾಪುರಕ್ಕ ಹೋಗ್ಯಾರ” ಎಂದು ಮುಚ್ಚಿಬಿಟ್ಟಳು!

“ಏ, ನಾನೇ!” ಎಂದು ಕೂಗಿದೆ.

ಧ್ವನಿಯಿಂದ ಗುರುತು ಹಿಡಿದು ಒಳಗೆ ಬಿಟ್ಟಳು. ನನ್ನ ಮುಖ ನೋಡಿ ಗೋಡೆ ಹಿಡಿದುಕೊಂಡು ನಕ್ಕಳು. ನಾನು ಗಿರಣಿ, ಡಬ್ಬಿ, ಹುಮನಾಬಾದು ಎಲ್ಲವನ್ನೂ ವಿವರಿಸಿ, ಅವಳು ಬೆರಗಾಗಲಿ ಎಂದು ಕಾದೆ. ಅವಳು ಒಂದು ಬಾಳೆಹಣ್ಣು ಸುಲಿಯುತ್ತ, “ಹೂಂ, ನನಗ ಗೊತ್ತಿತ್ತು” ಎಂದಳು.

“ಏನು ಗೊತ್ತಿತ್ತು?”

“ಲಾರಿ ಪಿಚ್ಚರಿನ್ಯಾಗ ಕುದುರಿ ಇಲ್ಲ ಅಂತ. ನಾವು ಗೆಳತ್ಯಾರು ಹೋಗಿದ್ದು ಆರನೇ ದಿನ. ಬೆಂಚ್ ಮುರದ್ರಲ್ಲ, ಅವತ್ತ.”

“ಅಯ್ಯೋ, ಹೇಳಬಾರದೇನು? ನನ್ನ ಮೀಸಿ ಉಳೀತಿತ್ತು!”

“ಹೇಳಿದ್ದೆ. ಮದಿವಿ ಆದ ವಾರದಾಗೇ ಹೇಳಿದ್ದೆ. ‘ಹೆಣ್ಮಕ್ಕಳಿಗೆ ಫೈಟಿಂಗ್ ಪಿಚ್ಚರ್ ತಿಳಿಯಂಗಿಲ್ಲ, ಸುಮ್ಮ ಕೂಡು’ ಅಂದ್ರಿ. ಸುಮ್ಮ ಕುಂತೆ.”

ಅಂದಿದ್ದೆನೇ? ಅಂದಿರಲೇಬೇಕು. ಮಾತಿನ ಧಾಟಿ ನನ್ನದೇ. ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಮೀಸೆ ತಿರುವಲು ಕೈ ಎತ್ತಿದೆ. ಹಿಡಿಯಲು ಏನೂ ಸಿಗಲಿಲ್ಲ. ಎತ್ತಿದ ಕೈ ವ್ಯರ್ಥವಾಗಬಾರದೆಂದು ಒಂದು ಬಾಳೆಹಣ್ಣು ತೆಗೆದುಕೊಂಡು, ಸುಮ್ಮನೆ ತಿನ್ನುತ್ತ ಕೂತೆ.