ಕ್ಯಾಸಿನೋ ಮಾಮ ಹಾಲು ಉಕ್ಕಿಸಿದ್ದು

ಇಡೀ ಜಪಾನಿನಲ್ಲಿ ಜೂಜೆಂದರೆ ಉರಿದುಬೀಳುವ ಮನುಷ್ಯ ಒಬ್ಬನೇ ಒಬ್ಬನಿದ್ದರೆ ಅದು ನನ್ನ ಸೋದರಮಾವ. ಇಸ್ಪೀಟಿನ ಎಲೆ ಮುಟ್ಟಿದರೂ ಕೈ ತೊಳೆದುಕೊಳ್ಳುವ ಪೈಕಿ! ಅವರ ಉದ್ಯೋಗ ಏನು ಅಂತೀರಾ? ಒಸಾಕಾದಲ್ಲಿ ಜೂಜಿನ ಅಂಗಡಿ.

ಪಚಿಂಕೊ ಎಂದು ಅದರ ಹೆಸರು. ಸಾಲುಸಾಲು ಯಂತ್ರಗಳು, ಅವುಗಳೊಳಗೆ ಉಕ್ಕಿನ ಗುಂಡುಗಳು ಉದುರುವ ಸದ್ದು. ಒಮ್ಮೆ ಒಳಗೆ ಹೋಗಿ ಬಂದರೆ ಸಂಜೆಯವರೆಗೂ ಕಿವಿ ಗುಂಯ್! ಬೆಂಗಳೂರಿನ ನೆಂಟರಿಗೆ ಇದನ್ನೆಲ್ಲ ವಿವರಿಸುವ ತಾಳ್ಮೆ ಯಾರಿಗಿದೆ? ಮಾಮ ಸುಮ್ಮನೆ "ಕ್ಯಾಸಿನೋ" ಎಂದುಬಿಟ್ಟರು. ಅಂದಿನಿಂದ ಮದುವೆಮನೆಗಳಲ್ಲಿ ಗಂಡಸರೆಲ್ಲ ಅವರ ಪಕ್ಕದ ಎಲೆಗೆ ಮುಗಿಬಿದ್ದರು. ಹೆಂಗಸರು ತಂತಮ್ಮ ಗಂಡಂದಿರನ್ನು ಎಬ್ಬಿಸಿ ಬೇರೆ ಪಂಕ್ತಿಗೆ ಸಾಗಿಸಿದರು.

ಮಾಮ ಚಿಕ್ಕಪೇಟೆಯ ಬಟ್ಟೆ ಅಂಗಡಿಯಿಂದ ಕೋಬೆಯ ಭಾರತೀಯ ವರ್ತಕರೊಬ್ಬರ ಬಳಿ ಗುಮಾಸ್ತರಾಗಿ ಬಂದವರು. ಸಂಜೆ ಹೊತ್ತು ಪಚಿಂಕೊ ಅಂಗಡಿಯಲ್ಲಿ ಗುಂಡು ಒರೆಸುವ ಕೆಲಸ. ಒರೆಸುತ್ತ ಒರೆಸುತ್ತ ಮ್ಯಾನೇಜರ್ ಆದರು, ಪಾಲುದಾರರಾದರು, ಕೊನೆಗೆ ಮಾಲೀಕರೇ ಆಗಿ ಕೂತರು. ಜಮೀನಿನ ಬೆಲೆ ಪಾತಾಳಕ್ಕಿಳಿದು ಎಲ್ಲರೂ ಕಟ್ಟಡ ಮಾರತೊಡಗಿದಾಗ ಇವರು ಕೊಳ್ಳತೊಡಗಿದರು.

"ಇದು ಜೂಜಲ್ವಾ ಮಾಮ?" ಎಂದು ಕೇಳಿದರೆ, "ಥೂ, ಬಿಡ್ತು ಅನ್ನು!" ಎಂದು ಗದರುತ್ತಿದ್ದರು.

ತಮ್ಮ ಅಂಗಡಿಯಲ್ಲಿ ಸೋತು ಕೂತವರ ಬಳಿಗೆ ಮಾಮ ಖುದ್ದಾಗಿ ಹೋಗುವರು. "ಸಾಕು, ಏಳಿ. ಮನೇಲಿ ಊಟ ಆರಿಹೋಗುತ್ತೆ" ಎಂದು ಅಪ್ಪಟ ಒಸಾಕಾ ಜಪಾನಿಯಲ್ಲಿ ಬುದ್ಧಿ ಹೇಳುವರು. ಮ್ಯಾನೇಜರ್ ತಾನಾಕಾ-ಸಾನ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ಆದದ್ದೇನು? ಇಷ್ಟು ಕಾಳಜಿಯ ಮಾಲೀಕ ಊರಲ್ಲೇ ಇಲ್ಲವೆಂದು ಗಿರಾಕಿಗಳು ಮರುದಿನ ಸ್ನೇಹಿತರನ್ನೂ ಕರೆತಂದರು!

ಅದು ಎರಡು ಸಾವಿರನೇ ಇಸವಿ ಹುಟ್ಟುವ ಮುಂಚಿನ ಗಡಿಬಿಡಿ. ತಾರೀಖು ಬದಲಾದೊಡನೆ ಕಂಪ್ಯೂಟರುಗಳೆಲ್ಲ ಮಕಾಡೆ ಮಲಗುತ್ತವೆಂದು ಹೆದರಿ ಟೋಕಿಯೋದ ಕಂಪನಿಗಳು ನಮ್ಮ ಹುಡುಗರನ್ನು ವಿಮಾನಗಟ್ಟಲೆ ತರಿಸಿಕೊಂಡಿದ್ದವು. ಅವರಲ್ಲಿ ನನ್ನ ಗಂಡನೂ ಒಬ್ಬ. ನಾನು ತುಂಬು ಬಸುರಿ. ಕಂಪನಿಯ ಹಾಸ್ಟೆಲ್ಲಿನಲ್ಲಿ ಮಕ್ಕಳಿಗೆ ಜಾಗವಿಲ್ಲ. ಮನೆ ಸಿಗದಿದ್ದರೆ ನಾನೊಬ್ಬಳೇ ಬೆಂಗಳೂರಿಗೆ ಹೋಗಬೇಕು, ಮಗುವಿನ ಮುಖವನ್ನು ಅದರ ಅಪ್ಪ ಫೋಟೋದಲ್ಲಿ ನೋಡಬೇಕು.

ಟೋಕಿಯೋ ಪಕ್ಕದ ಇಚಿಕಾವಾದಲ್ಲಿ ನಾವು ಹತ್ತದ ಮೆಟ್ಟಿಲಿಲ್ಲ. ಮನೆ ತೋರಿಸುವವರು ಹಲ್ಲಿನ ಸಂದಿಯಿಂದ ಉಸಿರೆಳೆದು "ಚೊತ್ತೊ..." ಎನ್ನುವರು. ಹಾಗೆಂದರೆ "ಸ್ವಲ್ಪ" ಅಂತ. ಸ್ವಲ್ಪ ಕಷ್ಟ ಎಂದರೆ ಅಲ್ಲಿ ಸುತರಾಂ ಆಗದು ಎಂದರ್ಥ. ಪರದೇಶದವರು, ಮೇಲಾಗಿ ಒಗ್ಗರಣೆ ವಾಸನೆ!

ಸುದ್ದಿ ಕೇಳಿದ ಮಾಮ ಮೊದಲ ಬುಲೆಟ್ ಟ್ರೇನಿಗೇ ಬಂದರು. ಮನೆ ಬಾಡಿಗೆಗೆ ಹಿಡಿಯಲು ಅಂದುಕೊಂಡಿರಾ? ಕಟ್ಟಡ ಕೊಳ್ಳಲು! ದಲ್ಲಾಳಿ ಅಳತೆ ಹೇಳುತ್ತಿದ್ದರೆ ಇವರು ಒಳಗೆ ಇಂಗಿನ ಒಗ್ಗರಣೆ ಹಾಕಿ, ಹೊರಗೆ ನಿಂತು, ವಾಸನೆ ಎಷ್ಟು ಬಾಗಿಲು ದಾಟುತ್ತದೆಂದು ಮೂಸಿ ನೋಡಿದರು. ಎಲ್ಲ ಬಾಗಿಲನ್ನೂ ದಾಟಿತು. ಆದರೂ ಕೊಂಡರು.

ಆ ಕಟ್ಟಡದಲ್ಲಿ ಹಳೆಯ ಬಾಡಿಗೆದಾರರಿದ್ದರು. ಅವರಿಗೆಲ್ಲ ಹಿರಿಯರು, ಕೆಳಗಿನ ಮನೆಯ ಮೋರಿ-ಸಾನ್ ಎಂಬ ಅಜ್ಜಿ. ಆಕೆ ನಗುವುದನ್ನು ಯಾರೂ ಕಂಡಿರಲಿಲ್ಲ.

"ನೋಡಮ್ಮಾ, ಮನೆ ನಂದು, ನೆರೆಹೊರೆ ನಂದಲ್ಲ" ಎಂದರು ಮಾಮ. "ಇವರು ಬೇಡ ಅಂದ್ರೆ ನಿನ್ನ ಇಲ್ಲಿ ಇರಿಸಲ್ಲ. ಮುಖ ಸಿಂಡರಿಸೋರ ಮಧ್ಯೆ ಬಾಣಂತನ ಆಗಬಾರದು."

ಮೊದಲು ಹಾಲು ಉಕ್ಕಿಸಿ, ಆಮೇಲೆ ಅಲ್ಲಿನ ಪದ್ಧತಿಯಂತೆ ಅಕ್ಕಪಕ್ಕದವರಿಗೆ ಟವೆಲ್ ಕೊಟ್ಟು ಪರಿಚಯ ಹೇಳಿಕೊಳ್ಳುವುದೆಂದು ತೀರ್ಮಾನವಾಯಿತು. ಮಾಮ ರೇಷ್ಮೆ ಪಂಚೆ ಉಟ್ಟು ಒಲೆಯ ಮುಂದೆ ನಿಂತರು.

"ಮಾಮ, ಪಾತ್ರೆ ತುಂಬಿಹೋಯ್ತು."

"ಇರಲಿ ಹಾಕು, ಉಕ್ಕಿದ್ರೆ ಧಾರಾಳವಾಗಿ ಉಕ್ಬೇಕು!"

ಉಕ್ಕಿತು ನೋಡಿ! ಒಲೆಯೇ ಆರಿಹೋಯಿತು. ನಾವು ಭಕ್ತಿಯಿಂದ ಕೈಮುಗಿದು ನಿಂತಿದ್ದರೆ ಗ್ಯಾಸು ತನ್ನ ಪಾಡಿಗೆ ಸೋರತೊಡಗಿತು. ಗೋಡೆಯ ಮೇಲಿನ ಪೆಟ್ಟಿಗೆಯಿಂದ ಒಬ್ಬ ಹೆಂಗಸಿನ ದನಿ ಜಪಾನಿಯಲ್ಲಿ ಕಿರುಚಿತು. ನನ್ನ ಗಂಡ "ಯಾರೋ ಆಶೀರ್ವಾದ ಮಾಡ್ತಿದಾರೆ" ಎಂದ.

ಅದು ಗ್ಯಾಸಿನ ಅಲಾರಾಂ ಎಂದು ಗೊತ್ತಿದ್ದ ಮಾಮ ಒಲೆಯ ಕಿವಿ ತಿರುಗಿಸಿ, ಕಿಟಕಿ ತೆರೆದು, ನಮ್ಮನ್ನು ಹೊರಗೆ ದಬ್ಬಿದರು. ಅಷ್ಟರಲ್ಲಿ ಇಡೀ ಕಟ್ಟಡವೇ ಬೀದಿಯಲ್ಲಿತ್ತು. ಎಲ್ಲರ ತಲೆಯ ಮೇಲೆ ಭೂಕಂಪದ ಹೆಲ್ಮೆಟ್, ಬೆನ್ನಿಗೆ ಆಪತ್ಕಾಲದ ಚೀಲ! ಪಂಚೆ ಉಟ್ಟ ಮಾಲೀಕ ಪ್ರತಿಯೊಬ್ಬರ ಮುಂದೆಯೂ ನಡುಬಗ್ಗಿಸಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಿದ್ದರು. ಮುಗಿಯಿತು, ಇನ್ನು ಬೆಂಗಳೂರೇ ಗತಿ ಅಂದುಕೊಂಡೆ.

ಮೋರಿ-ಸಾನ್ ನೆಟ್ಟಗೆ ನನ್ನತ್ತ ಬಂದರು. ನನ್ನ ಹೊಟ್ಟೆ ನೋಡಿದರು. ತಮ್ಮ ಹೆಲ್ಮೆಟ್ ತೆಗೆದು ನನ್ನ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದು, ಮಾಮನನ್ನು ಚೆನ್ನಾಗಿ ಬೈದರು.

"ಏನಂತೆ ಮಾಮ?"

"ಬಸುರಿ ಹೆಂಗಸು ಎಲ್ಲರಿಗಿಂತ ಮೊದಲು ಈಚೆ ಬರಬೇಕು, ಇನ್ಮೇಲೆ ಅಲಾರಾಂ ಹೊಡೆದ್ರೆ ನಾನೇ ಬಂದು ಕರ್ಕೊಂಡ್ ಹೋಗ್ತೀನಿ, ಅಂತಿದಾರೆ."

ಮಾಮ ಒಳಗೆ ಬಂದವರೇ ಮೂಲೆಯಲ್ಲಿ ಕೂತುಬಿಟ್ಟರು. ಮದುವೆಯಾದ ಹೊಸತರಲ್ಲಿ ಅವರು ತಮ್ಮ ಹೆಂಡತಿ, ನಮ್ಮ ಅತ್ತೆಯನ್ನು ಕೋಬೆಗೆ ಕರೆತಂದಿದ್ದರಂತೆ. ಒಬ್ಬರೂ ಮನೆ ಕೊಡಲಿಲ್ಲ. ಬಟ್ಟೆಯ ಗೋದಾಮಿನಲ್ಲಿ ಕೆಲವು ದಿನ ಇದ್ದು, ಅತ್ತೆ ಅಳುತ್ತ ಬೆಂಗಳೂರಿಗೆ ಮರಳಿದವರು ಮತ್ತೆ ಬರಲೇ ಇಲ್ಲ. ಆಮೇಲೆ ಎಷ್ಟು ಕಟ್ಟಡ ಕೊಂಡರೂ ಯಾವುದಕ್ಕೂ ಬರಲಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ. ಮಾಮ ಮೊಬೈಲ್ ತೆಗೆದು ಬೆಂಗಳೂರಿಗೆ, ಅತ್ತೆಗೆ ಫೋನು ಹಚ್ಚಿದರು.

"ಹಾಲು ಉಕ್ತು ಕಣೇ," ಎಂದರು. "ಯಾರೂ ಬೇಡ ಅನ್ನಲಿಲ್ಲ."