ಹಿತ್ತಲಿಗೆ ಬಂದ ಉಲ್ಕೆ

ನಮ್ಮ ಮನೆಯಲ್ಲಿ ನನ್ನ ಅಧಿಕಾರ ನಡೆಯುವ ಸ್ಥಳ ಒಂದೇ, ಹಿಂದಿನ ಕೋಣೆ. ಒಂದು ಕಿಟಕಿ, ಒಂದು ಮೇಜು, ಕೆಟ್ಟುಹೋದ ಮೂರು ರೇಡಿಯೊ, ಅವುಗಳನ್ನು ರಿಪೇರಿ ಮಾಡುತ್ತೇನೆಂಬ ನನ್ನ ಹನ್ನೊಂದು ವರ್ಷದ ಭರವಸೆ, ಇಷ್ಟೇ ಅದರ ಸಂಪತ್ತು. ಆದರೂ ಆ ಕೋಣೆಯೆಂದರೆ ನನಗೆ ಪ್ರಾಣ. ಈ ಸಾಮ್ರಾಜ್ಯದ ಮೇಲೆ ನನ್ನ ಹೆಂಡತಿಗೆ ಮೊದಲಿನಿಂದಲೂ ಕಣ್ಣು. ಅವಳು ಬಟ್ಟೆ ಹೊಲಿಯುತ್ತಾಳೆ, ಹೊಲಿಗೆ ಯಂತ್ರ ನಡುಮನೆಯ ಕತ್ತಲ ಮೂಲೆಯಲ್ಲಿದೆ.

"ಬೆಳಕಿರೋ ಕಿಟಕಿ ರೇಡಿಯೊಗಳಿಗೆ, ಕತ್ತಲು ನಂಗೆ. ಅವೇನು ಅಲ್ಲಿ ಕೂತು ಓದ್ಕೊಳ್ತಾವಾ?" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಒಂದು ಕಲ್ಲನ್ನು ಎಡವಿದೆ. ಎಡವಿದ ಕಲ್ಲನ್ನು ಬೈಯುವುದು ಲೋಕರೂಢಿ. ನಾನು ಬಗ್ಗಿ ನೋಡಿದೆ. ಕಪ್ಪಗೆ, ಸುಟ್ಟ ಹಾಗಿತ್ತು. ಎತ್ತಿದರೆ ಕಿತ್ತಳೆ ಹಣ್ಣಿನ ಗಾತ್ರಕ್ಕೆ ಇಸ್ತ್ರಿಪೆಟ್ಟಿಗೆಯ ಭಾರ.

"ಇದು ಭೂಮಿಯದಲ್ಲ," ಎಂದೆ.

"ಮತ್ತೆ ಯಾರದು? ಪಕ್ಕದ ಮನೆಯವರದಾ?" ಎಂದಳು ಹೆಂಡತಿ, ತಂತಿಯ ಮೇಲೆ ದಿಂಬಿನ ಚೀಲ ಹರವುತ್ತ.

"ಉಲ್ಕೆ ಕಣೇ! ಆಕಾಶದಿಂದ ಬಿದ್ದಿರೋದು. ಹೋದ ತಿಂಗಳು ಬೆಳಗಿನ ಜಾವ ಧೊಪ್ ಅಂತ ಶಬ್ದ ಆಯ್ತಲ್ಲ?"

"ಅದು ನೀವು. ಮಂಚದಿಂದ ಬಿದ್ರಿ."

ಇಂಥವರ ಬಾಯಿ ಮುಚ್ಚಿಸಲು ವಿಜ್ಞಾನವೊಂದೇ ದಾರಿ. ಫೋನಿನಲ್ಲಿ ಓದಿಕೊಂಡು ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ಇಳಿದೆ. ಉಲ್ಕೆಯಲ್ಲಿ ಕಬ್ಬಿಣ ಇರುವುದರಿಂದ ಅಯಸ್ಕಾಂತ ಅಂಟಬೇಕಂತೆ. ಅವಳು ಗುಂಡುಸೂಜಿ ಹೆಕ್ಕಲು ಇಟ್ಟುಕೊಂಡಿದ್ದ ಅಯಸ್ಕಾಂತ ತಂದೆ. ಟಪ್ಪನೆ ಅಂಟಿತು. (ಅದರಲ್ಲಿದ್ದ ಗುಂಡುಸೂಜಿಗಳು ನೆಲಕ್ಕೆ ಉದುರಿದ್ದು, ಎರಡು ನನ್ನ ಕಾಲಿಗೇ ಸಿಕ್ಕಿದ್ದು ಇಲ್ಲಿ ಅಪ್ರಸ್ತುತ.) ನುಣುಪಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಬಣ್ಣದ ಗೆರೆ ಮೂಡಬಾರದಂತೆ. ಮನೆಯಲ್ಲಿ ಹಾಗಿದ್ದದ್ದು ಅವಳ ಹೂದಾನಿಯ ತಳ ಮಾತ್ರ. ಉಜ್ಜಿದೆ. ಗೆರೆ ಮೂಡಲಿಲ್ಲ, ಹೂದಾನಿ ಎರಡಾಯಿತು. ಕೊನೆಗೆ ಅರ ಹಿಡಿದು ಒಂದು ಮೂಲೆ ತಿಕ್ಕಿದೆ. ಒಳಗೆ ಬೆಳ್ಳಿಯಂಥ ಚುಕ್ಕಿಗಳು! ಮೂರಕ್ಕೆ ಮೂರು. ನಾನು ಬರೆದ ಯಾವ ಪರೀಕ್ಷೆಯಲ್ಲೂ ಇಷ್ಟು ಅಂಕ ಬಂದಿರಲಿಲ್ಲ.

"ಈ ತೂತುಗಳು ಏನ್ರೀ?" ಎಂದು ಅವಳು ಒಂದರೊಳಗೆ ಗುಂಡುಸೂಜಿ ತೂರಿಸಿದಳು. ಸೂಜಿ ತಲೆಯವರೆಗೂ ಹೋಯಿತು.

'ತೂತುಗಳಿದ್ದರೆ ಸಾಮಾನ್ಯವಾಗಿ ಉಲ್ಕೆಯಲ್ಲ' ಎಂಬ ಸಾಲು ಫೋನಿನಲ್ಲಿ ಇದ್ದದ್ದು ನಿಜ. ಆದರೆ ನಮ್ಮದು ಅಸಾಮಾನ್ಯ ಕಲ್ಲು.

"ಅಂತರಿಕ್ಷದ ಗಾಳಿ ಹೊಡೆದು ಆಗಿರೋದು."

"ಅಂತರಿಕ್ಷದಲ್ಲಿ ಗಾಳಿ ಇಲ್ಲ ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ರು."

"ಅದಕ್ಕೇ ತೂತು ಬಿದ್ದಿರೋದು!" ಎಂದು ಗಟ್ಟಿಯಾಗಿ ಹೇಳಿದೆ.

ಅದೇ ಗಟ್ಟಿ ದನಿಯಲ್ಲಿ ಪಂದ್ಯವನ್ನೂ ಕಟ್ಟಿಬಿಟ್ಟೆ. ಉಲ್ಕೆಯಾದರೆ ಕೋಣೆ ಆಜೀವ ನನ್ನದು, ಅವಳು ಇನ್ನು ಆ ಮಾತೆತ್ತುವಂತಿಲ್ಲ. ಅಲ್ಲದಿದ್ದರೆ ಹೊಲಿಗೆ ಯಂತ್ರ ಒಳಗೆ, ರೇಡಿಯೊಗಳು ಹೊರಗೆ. ಯಾವ ವಿಷಯಕ್ಕೂ ಸುಲಭವಾಗಿ ಒಪ್ಪದವಳು ತಕ್ಷಣ, "ಆಯ್ತು, ಬರ್ಕೊಡಿ," ಎಂದಳು. ನಾನು ಎರಡು ಪ್ರತಿ ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಈ ಕೆಲಸ ನನಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದಿಂದ ಕಬ್ಬಿಣ ಎರಕದ ಕಾರ್ಖಾನೆಯ ಗೇಟಿನಲ್ಲಿ ಗುಮಾಸ್ತ ನಾನು. ಹೊರಗೆ ಹೋಗುವ ಪ್ರತಿ ಸಾಮಾನಿಗೂ ಪಾಸು ಬರೆಯುತ್ತೇನೆ. ನನ್ನ ಸಹಿ ಇಲ್ಲದೆ ಒಂದು ಮೊಳೆ ಕೂಡ ಗೇಟು ದಾಟುವುದಿಲ್ಲ.

ಮಂಗಳವಾರ ರಜೆ ಹಾಕಿ, ಕಲ್ಲನ್ನು ಟವೆಲಿನಲ್ಲಿ ಸುತ್ತಿ ವಸ್ತುಸಂಗ್ರಹಾಲಯಕ್ಕೆ ಒಯ್ದೆ. ಸಾಕ್ಷಿಗೆಂದು ಹೆಂಡತಿಯೂ ಬಂದಳು. ಅಲ್ಲಿಯ ಕಲ್ಲುಗಳ ತಜ್ಞರು ಟವೆಲ್ ಬಿಚ್ಚಿದರು, ಭೂತಗನ್ನಡಿ ಎತ್ತಿಕೊಂಡರು, ಬಳಸದೆಯೇ ಕೆಳಗಿಟ್ಟರು. ನನಗೆ ರೋಮಾಂಚನವಾಯಿತು. ಬರಿಗಣ್ಣಿಗೇ ಗೊತ್ತಾಗುವಷ್ಟು ಅಪ್ಪಟ!

"ನೀವು ಕೆಲಸ ಮಾಡೋದು ಎಲ್ಲಿ?" ಎಂದರು.

"ಎರಕದ ಕಾರ್ಖಾನೇಲಿ ಸಾರ್. ಇಪ್ಪತ್ತೆರಡು ವರ್ಷದಿಂದ." ಪತ್ರಿಕೆಯವರಿಗೆ ಬೇಕಾಗಬಹುದೆಂದು ಹುದ್ದೆಯನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. "ಇದು ಕಿಟ್ಟ. ಕಬ್ಬಿಣ ಕರಗಿಸಿದಾಗ ಮೇಲೆ ತೇಲೋ ಕಸ. ಒಳಗೆ ಒಂದಿಷ್ಟು ಕಬ್ಬಿಣದ ಹನಿನೂ ಸಿಕ್ಕೊಂಡಿರುತ್ತೆ, ಅದಕ್ಕೇ ಈ ಭಾರ, ಈ ಚುಕ್ಕಿ. ನಿಮ್ಮ ಕಾರ್ಖಾನೆ ಹಿಂದೆ ಇದರ ಗುಡ್ಡಾನೇ ಇರಬೇಕಲ್ಲ?"

ಇತ್ತು. ದಿನಾ ಅದರ ನೆರಳಿನಲ್ಲೇ ನಾನು ಸೈಕಲ್ ನಿಲ್ಲಿಸುವುದು.

"ಅಲ್ಲಿಂದ ನಮ್ಮ ಹಿತ್ತಲಿಗೆ ಹೇಗೆ ಬರುತ್ತೆ ಸಾರ್? ಪಾಸಿಲ್ಲದೆ ಏನೂ ಆಚೆ ಹೋಗಲ್ಲ!" ಎಂದು ಕೊನೆಯ ಬ್ರಹ್ಮಾಸ್ತ್ರ ಬಿಟ್ಟೆ.

ಹೆಂಡತಿ ಕೈಚೀಲದಿಂದ ಒಂದು ಕಾಗದ ತೆಗೆದಳು. ಅವಳು ಬಟ್ಟೆಯ ಅಳತೆಗೆ ಮಾದರಿ ಕತ್ತರಿಸುವುದು ನನ್ನ ಹಳೆಯ ಕಾಗದಗಳಲ್ಲೇ. ಇದು ಅಂಗಿಯ ಜೇಬಿನ ಆಕಾರದಲ್ಲಿತ್ತು. ಮೇಲೆ ನನ್ನದೇ ಅಕ್ಷರ. ಸಾಮಾನು: ಕಿಟ್ಟ, ಒಂದು ಲಾರಿ. ಉದ್ದೇಶ: ಮನೆಯ ಹಿತ್ತಲಿನ ಕೆಸರುಗುಂಡಿ ತುಂಬಲು. ಪಡೆದವರು: ನಾನು. ಪರಿಶೀಲಿಸಿ ಹೊರಗೆ ಬಿಟ್ಟವರು: ನಾನು.

ಆರು ವರ್ಷದ ಹಿಂದೆ, ಪುಕ್ಕಟೆ ಸಿಗುತ್ತದೆಂದು ಲಾರಿ ಡ್ರೈವರನ ಪಕ್ಕದಲ್ಲಿ ಕೂತು ನಾನೇ ತಂದು ಸುರಿಸಿದ್ದು ಆಗ ನೆನಪಾಯಿತು. ಕಲ್ಲನ್ನು ಮತ್ತೆ ಟವೆಲಿನಲ್ಲಿ ಸುತ್ತತೊಡಗಿದೆ.

"ತಂತಿಗೆ ಕಂಬ ನೆಡೋವಾಗ ಇಂಥವು ನಲವತ್ತು ಸಿಕ್ಕಿದ್ವು ಸಾರ್," ಎಂದಳು ಅವಳು ತಜ್ಞರಿಗೆ, ವಿನಯದಿಂದ.

ಹಿಂತಿರುಗುವಾಗ ಬಸ್ಸಿನಲ್ಲಿ ಕಲ್ಲು ನನ್ನ ತೊಡೆಯ ಮೇಲಿತ್ತು.

"ಎಲ್ಲಾ ಗೊತ್ತಿದ್ದೂ ಭಾನುವಾರವೇ ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ಬರ್ಕೊಡ್ತಿದ್ರಾ?"

ಈಗ ಕಿಟಕಿಯ ಬಳಿ ಹೊಲಿಗೆ ಯಂತ್ರವಿದೆ. ರೇಡಿಯೊಗಳು ಮಂಚದ ಕೆಳಗಿವೆ. ಕಲ್ಲು ಮಾತ್ರ ಕೋಣೆಯಲ್ಲೇ ಉಳಿದಿದೆ. ಕತ್ತರಿಸುವಾಗ ಬಟ್ಟೆ ಜರುಗದಂತೆ ಅವಳು ಅದನ್ನು ಭಾರಕ್ಕೆ ಇಡುತ್ತಾಳೆ. ಆ ತೂತುಗಳಲ್ಲಿ ಗುಂಡುಸೂಜಿ ಸಿಕ್ಕಿಸಲು ಬಹಳ ಅನುಕೂಲವಂತೆ. ಮೊನ್ನೆ ಉಗುರು ಕತ್ತರಿಸಲು ಅಲ್ಲಿಂದ ಸಣ್ಣ ಕತ್ತರಿ ತರುತ್ತಿದ್ದಾಗ ಬಾಗಿಲಲ್ಲೇ ನನ್ನನ್ನು ತಡೆದಳು.

"ಪಾಸ್ ಬರೀರಿ."

ಬರೆದೆ. ಸಾಮಾನು: ಕತ್ತರಿ, ಒಂದು. ಪಡೆದವರು: ನಾನು. ಪರಿಶೀಲಿಸಿದವರು ಎಂಬಲ್ಲಿ ಅವಳು ಸಹಿ ಹಾಕಿದಳು.