ಘೇಂಡಾಮೃಗದ ಕೋಪ

ಮೇಜಿನ ಮೇಲಿನ ಕನ್ನಡಿ ಕಾಣೆಯಾಗಿತ್ತು.

ಅಂಗೈಯಗಲದ ಕನ್ನಡಿ. ಆದರೆ ಹಾಳೆಯ ಮೇಲೆ ಹಾಳೆ ಬರೆದು ಪ್ರಾಣಿಗಳನ್ನು ಓಡಾಡಿಸುವ ಆನಿಮೇಟರಿಗೆ ಅದಿಲ್ಲದೆ ಕೈಯೇ ಓಡುವುದಿಲ್ಲ. ಮೊದಲು ತಾನು ಹಲ್ಲು ಕಿರಿದು ನೋಡಿಕೊಂಡು, ಆಮೇಲೆ ಕಾಗದದ ಪ್ರಾಣಿಯ ಹಲ್ಲು ಕಿರಿಸಬೇಕು. ಎಂಟು ವರ್ಷ ಬೇರೆಯವರ ಎರಡು ಚಿತ್ರಗಳ ನಡುವಿನ ಚಿತ್ರಗಳನ್ನಷ್ಟೇ ಬರೆದವನಿಗೆ ಈಗ ಮೊದಲ ಸಲ ಒಂದು ಇಡೀ ದೃಶ್ಯ ಸಿಕ್ಕಿತ್ತು: ಕತ್ತರಿ ಕಳೆದುಕೊಂಡ ದರ್ಜಿ ಘೇಂಡಾಮೃಗ ಕೆರಳುವುದು. ಸಂಜೆ ಐದಕ್ಕೆ ಒಪ್ಪಿಸಬೇಕು. ನಿನ್ನೆಯ ಹಾಳೆಗಳನ್ನು ನಿರ್ದೇಶಕರು ಸರಸರ ಮಗುಚಿ, "ಇದಕ್ಕೆ ಕೋಪ ಬಂದಿಲ್ಲ ಕಣಯ್ಯಾ, ಹಲ್ಲುನೋವು ಬಂದಿದೆ" ಅಂದಿದ್ದರು.

"ನನ್ನ ಕನ್ನಡಿ ಯಾರು ತಗೊಂಡ್ರಿ?"

ಸುತ್ತಲಿನ ಮೇಜುಗಳಿಂದ ಆರು ತಲೆಗಳು ಎದ್ದವು. ಯಾರೂ ತಗೊಂಡಿರಲಿಲ್ಲ. ಸಲಹೆ ಮಾತ್ರ ಎಲ್ಲರ ಹತ್ತಿರವೂ ಇತ್ತು.

"ಕನ್ನಡಿ ಯಾಕೆ, ನನ್ನ ಮುಖ ನೋಡ್ಕೋ," ಎಂದು ಬಣ್ಣ ತುಂಬುವ ಅಕ್ಕ ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಅವಳಿಗೇ ನಗು ಉಕ್ಕಿ, ಬಾಯೊಳಗಿದ್ದ ಚಹಾ ಅವನ ನಾಲ್ಕು ಹಾಳೆಗಳ ಮೇಲೆ ಬಿತ್ತು.

"ನಮ್ಮ ಮಾವನ ಸಿಟ್ಟು ನೋಡ್ಬೇಕು ನೀನು," ಎಂದ ಪಕ್ಕದ ಮೇಜಿನ ಗಡ್ಡದವನು, ಮಾವ ಕೈ ಬೀಸುವ ರೀತಿ ತೋರಿಸಲು ಹೋಗಿ, ಅವನ ಹಾಳೆಗಳಿಗೆ ಅಡಿಯಿಂದ ಬೆಳಕು ಕೊಡುವ ದೀಪ ಒಡೆದ.

ಹಿನ್ನೆಲೆ ಬರೆಯುವ ಹಿರಿಯರು ಕನ್ನಡಕ ಏರಿಸಿ ಬಂದರು. "ಈ ಪ್ರಾಣಿಗೆ ಸಿಟ್ಟು ಮುಖದಲ್ಲಲ್ಲಪ್ಪ, ಬೆನ್ನಲ್ಲಿ ಬರುತ್ತೆ." ಹಾಗೆನ್ನುತ್ತಲೇ, ಇದ್ದುದರಲ್ಲಿ ಚೆನ್ನಾಗಿ ಬಂದಿದ್ದ ಒಂದೇ ಮುಖವನ್ನು ರಬ್ಬರಿನಿಂದ ಉಜ್ಜಿ ಹಾಕಿದರು.

ಆಗ ನಾಲ್ಕು ಗಂಟೆ. ಅವನು ಸ್ಟೂಲು ಒದ್ದ.

"ಎಂಟು ವರ್ಷ ರೀ! ನಿಮ್ಮ ಮೊಲ ಕೂತಿದ್ದಕ್ಕೂ ಎದ್ದಿದ್ದಕ್ಕೂ ನಡುವಿನ ಹನ್ನೆರಡು ಮೊಲ ನಾನು ಬರೆದೆ! ಒಬ್ಬರ ಹಾಳೆ ಮುಟ್ಟಿದ್ನಾ? ನಂದು ಒಂದೇ ಒಂದು ಘೇಂಡಾಮೃಗ, ಅದನ್ನೂ ಬದುಕೋಕೆ ಬಿಡಲ್ವಾ?"

ಮೂಗಿನ ಹೊಳ್ಳೆಗಳು ಅರಳಿದವು. ಕತ್ತು ಹೆಗಲೊಳಗೆ ಇಳಿಯಿತು. ಬೆನ್ನು ಉಬ್ಬಿದ ಮೂಟೆಯಾಯಿತು. ಪೆನ್ಸಿಲುಗಳನ್ನು ಡಬ್ಬಿಸಮೇತ ಗೋಡೆಗೆ ಅಪ್ಪಳಿಸಿದ. ಉಸಿರು ಸಾಲದೆ ಅವನು ನಿಂತಾಗ ಕೋಣೆಯಲ್ಲಿ ಬರೀ ಸರಸರ ಸದ್ದು.

ಆರು ಜನವೂ ಅವನನ್ನೇ ನೋಡುತ್ತ ಬರೆಯುತ್ತಿದ್ದರು.

ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದ ನಿರ್ದೇಶಕರು ಗಡ್ಡದವನ ಹಾಳೆಗಳನ್ನು ಮಗುಚಿದರು. "ಆಹಾ, ಕೋಪ ಅಂದ್ರೆ ಇದು! ಈ ದೃಶ್ಯ ನೀನೇ ಮುಗಿಸಿಬಿಡು." ಆಮೇಲೆ ಸ್ಟೂಲು ಒದ್ದವನ ಕಡೆ ತಿರುಗಿ, ಜೇಬಿನಿಂದ ಕನ್ನಡಿ ತೆಗೆದು ಅವನ ಕೈಗಿಟ್ಟರು. "ಬೆಳಿಗ್ಗೆ ನಾನೇ ಎತ್ತಿಟ್ಟಿದ್ದೆ ಕಣಯ್ಯಾ. ಇದನ್ನ ನೋಡ್ಕೊಂಡು ಕೂತ್ರೆ ನಿನಗೆ ಸಿಟ್ಟು ಬರಲ್ಲ. ಬೇಜಾರಾಗ್ಬೇಡ, ಮುಂದಿನ ದೃಶ್ಯ ನಿಂದೇ. ಘೇಂಡಾಮೃಗ ಅಳೋದು."

ಅವನು ಕನ್ನಡಿ ಎತ್ತಿದ. ಕೆಳತುಟಿ ತಾನಾಗಿಯೇ ನಡುಗುತ್ತಿತ್ತು. ಎಂಟು ವರ್ಷದಲ್ಲಿ ಇಂಥ ಮುಖ ಅವನಿಗೆ ಸಿಕ್ಕಿರಲಿಲ್ಲ! ಪೆನ್ಸಿಲಿಗೆ ಕೈಚಾಚಿದ. ಅವೆಲ್ಲ ಗೋಡೆಯ ಬುಡದಲ್ಲಿ ಮುರಿದು ಬಿದ್ದಿದ್ದವು.

ಕನ್ನಡಿಯೊಳಗೆ, ಅವನ ಹೆಗಲ ಹಿಂದೆ, ಆರು ತಲೆಗಳು, ಆರು ಪೆನ್ಸಿಲುಗಳು ಕಂಡವು.

"ಅಲ್ಲಾಡ್ಬೇಡ ಕಣೋ," ಎಂದ ಗಡ್ಡದವನು, "ಹಾಗೇ ಇರು."